ಕ್ರೂಗರ್‌ನ ಅಗ್ಗದ ಸಫಾರಿ: ಟಿಕೆಟ್ ಒಂದು ಪೌಂಡ್, ಉಳಿದ ಬಿಲ್ ಯಾರ ಹೆಸರಿಗೆ?

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ)

ಇವತ್ತು ನಿಮ್ಮನ್ನು ದಕ್ಷಿಣ ಆಫ್ರಿಕಾದ ಒಂದು ಕಾಡಿಗೆ ಕರ್ಕೊಂಡು ಹೋಗ್ತೀನಿ.

ಆಫ್ರಿಕನ್ ಸಫಾರಿ ಅಂದ ತಕ್ಷಣ ನಮ್ಮ ತಲೆಯಲ್ಲಿ ಒಂದೇ ಚಿತ್ರ ಬರುತ್ತೆ. ಮೇಲ್ಛಾವಣಿ ಇಲ್ಲದ ದೊಡ್ಡ ಜೀಪು, ಖಾಕಿ ಬಟ್ಟೆ ಹಾಕಿದ ವಿದೇಶಿಯರು, ಸಂಜೆ ಟೆಂಟ್ ಮುಂದೆ ಬಿಳಿ ಮೇಜುಬಟ್ಟೆ, ಒಂದು ರಾತ್ರಿಗೆ ಲಕ್ಷ ರೂಪಾಯಿ. ಅದೂ ಇದೆ, ಸುಳ್ಳಲ್ಲ. ಆದ್ರೆ ಇನ್ನೊಂದು ದಾರಿನೂ ಇದೆ. ಜೊಹಾನ್ಸ್‌ಬರ್ಗ್ ಏರ್‌ಪೋರ್ಟ್‌ನಲ್ಲಿ ಒಂದು ಸಣ್ಣ ಬಾಡಿಗೆ ಕಾರು ತಗೊಳ್ಳಿ. ನಮ್ಮ ಊರಲ್ಲಿ ಓಡಾಡೋ ಹ್ಯಾಚ್‌ಬ್ಯಾಕ್ ಇದ್ಯಲ್ಲ, ಅಂಥದ್ದೇ ಸಾಕು. ಅಲ್ಲೂ ನಮ್ಮ ಹಾಗೆ ಎಡಗಡೆ ಡ್ರೈವಿಂಗ್. ಪೂರ್ವಕ್ಕೆ ಐದಾರು ಗಂಟೆ ಓಡಿಸಿದ್ರೆ ಒಂದು ಗೇಟ್ ಬರುತ್ತೆ. ಅಲ್ಲಿ ಶುಲ್ಕ ಕಟ್ಟಿ ನಿಮ್ಮದೇ ಕಾರಿನಲ್ಲಿ ಒಳಗೆ ಹೋಗಬಹುದು. ಗೈಡ್ ಕಡ್ಡಾಯ ಅಲ್ಲ. ಟಾರು ರಸ್ತೆಯಲ್ಲಿ ಗಂಟೆಗೆ 50, ಮಣ್ಣಿನ ರಸ್ತೆಯಲ್ಲಿ 40 ಕಿ.ಮೀ. ಮೀರಬಾರದು. ಗೊತ್ತುಮಾಡಿದ ಜಾಗ ಬಿಟ್ಟು ಬೇರೆಲ್ಲೂ ಕಾರಿಂದ ಇಳಿಯಬಾರದು. ಸೂರ್ಯ ಮುಳುಗೋದ್ರೊಳಗೆ ಕ್ಯಾಂಪ್ ಸೇರಿರಬೇಕು. ಈ ನಿಯಮ ಪಾಲಿಸಿದ್ರೆ ಸಾಕು. ಆನೆ, ಸಿಂಹ, ಜಿರಾಫೆ ನೋಡ್ತಾ ದಿನವಿಡೀ ತಿರುಗಬಹುದು. ರಾತ್ರಿ ಬೇಲಿಯೊಳಗಿನ ಗುಡಿಸಲಿನಲ್ಲಿ ಮಲಗಿ, ಅಡುಗೆ ನೀವೇ ಮಾಡ್ಕೋಬಹುದು.

ಇದು ಕ್ರೂಗರ್ ರಾಷ್ಟ್ರೀಯ ಉದ್ಯಾನ. ವಿಸ್ತೀರ್ಣ ಸುಮಾರು 19,500 ಚದರ ಕಿ.ಮೀ. ನಮ್ಮ ಬಂಡೀಪುರದಂಥ ಇಪ್ಪತ್ತು ಕಾಡು ಇದರೊಳಗೆ ಹಿಡಿಸುತ್ತೆ. ಕೋವಿಡ್‌ಗೆ ಮೊದಲು ವರ್ಷಕ್ಕೆ 15 ಲಕ್ಷಕ್ಕೂ ಹೆಚ್ಚು ಜನ ಇಲ್ಲಿಗೆ ಬರ್ತಾ ಇದ್ರು.

ನಾನು ಓದಿದ್ದು ಕಾಮರ್ಸ್. ಯಾವುದೇ ವಸ್ತು ಅಗ್ಗಕ್ಕೆ ಸಿಗ್ತಿದೆ ಅಂದ್ರೆ ಮೊದಲು ಬರೋ ಪ್ರಶ್ನೆ, ಉಳಿದ ದುಡ್ಡು ಯಾರು ಕೊಡ್ತಿದ್ದಾರೆ ಅನ್ನೋದು. ಕ್ರೂಗರ್‌ನ ಈ ಅಗ್ಗದ ಸಫಾರಿಗೂ ಒಂದು ಹಳೇ ಲೆಕ್ಕದ ಪುಸ್ತಕ ಇದೆ. ಇವತ್ತು ಅದನ್ನೇ ತೆರೆದು ನೋಡೋಣ.

ರಾತ್ರಿ ನಿಂತ ರೈಲು

ಕಥೆ ಶುರುವಾಗೋದು 1898ರಲ್ಲಿ. ಆಗ ಟ್ರಾನ್ಸ್‌ವಾಲ್ ಅನ್ನೋದು ಬೋಯರ್‌ಗಳ, ಅಂದ್ರೆ ಡಚ್ ಮೂಲದ ಬಿಳಿಯರ ಗಣರಾಜ್ಯ. ಅದರ ಅಧ್ಯಕ್ಷ ಪಾಲ್ ಕ್ರೂಗರ್. ಬೇಟೆಯಿಂದ ಪ್ರಾಣಿಗಳು ಖಾಲಿಯಾಗ್ತಿವೆ ಅಂತ ಸೇಬಿ ಮತ್ತು ಕ್ರೊಕೊಡೈಲ್ ನದಿಗಳ ನಡುವಿನ ಜಾಗವನ್ನು ಸರ್ಕಾರ ಸಂರಕ್ಷಿತ ಪ್ರದೇಶ ಅಂತ ಘೋಷಿಸಿತು. ಮರುವರ್ಷವೇ ಬ್ರಿಟಿಷರ ಜೊತೆ ಯುದ್ಧ. 1902ರಲ್ಲಿ ಯುದ್ಧ ಗೆದ್ದ ಬ್ರಿಟಿಷರು ಜೇಮ್ಸ್ ಸ್ಟೀವನ್‌ಸನ್-ಹ್ಯಾಮಿಲ್ಟನ್ ಅನ್ನೋ ಸ್ಕಾಟಿಷ್ ಸೈನಿಕ ಅಧಿಕಾರಿಯನ್ನು ಇಲ್ಲಿಗೆ ವಾರ್ಡನ್ ಆಗಿ ಕಳಿಸಿದರು. ಆತ 1946ರಲ್ಲಿ ನಿವೃತ್ತನಾಗುವವರೆಗೂ ಈ ಕಾಡಿನ ಕೆಲಸದಲ್ಲೇ ಇದ್ದ.

ಆ ಕಾಲದ ‘ಸಂರಕ್ಷಣೆ’ ಇವತ್ತಿನ ಸಂರಕ್ಷಣೆ ಅಲ್ಲ. ಜಿಂಕೆ ಜಾತಿಯ ಪ್ರಾಣಿಗಳು ಹೆಚ್ಚಬೇಕು, ಅದಕ್ಕೆ ಸಿಂಹಗಳನ್ನು ಕೊಲ್ಲಬೇಕು ಅನ್ನೋ ಲೆಕ್ಕ. ಸಿಂಹ ಅಂದ್ರೆ ಕಾಡಿನ ರಾಜ ಅಲ್ಲ, ಪೀಡೆ. ಪ್ರವಾಸಿಗರ ಯೋಚನೆಯಂತೂ ಯಾರ ತಲೆಯಲ್ಲೂ ಇರ್ಲಿಲ್ಲ. ಸಿಂಹ ನೋಡೋಕೆ ಜನ ದುಡ್ಡು ಕೊಡ್ತಾರೆ ಅಂತ ಯಾರು ನಂಬ್ತಾರೆ?

ನಂಬಿಸಿದ್ದು ಒಂದು ರೈಲು. ಸೆಲಾಟಿ ಲೈನ್ ಅಂತ ಒಂದು ರೈಲು ಮಾರ್ಗ ಈ ಕಾಡಿನ ಮಧ್ಯೆನೇ ಹಾದು ಹೋಗ್ತಿತ್ತು. 1923ರಲ್ಲಿ ದಕ್ಷಿಣ ಆಫ್ರಿಕಾ ರೈಲ್ವೆ ‘ರೌಂಡ್ ಇನ್ ನೈನ್’ ಅನ್ನೋ ಒಂಬತ್ತು ದಿನದ ಪ್ಯಾಕೇಜ್ ಟೂರ್ ಶುರು ಮಾಡಿತು. ಟ್ರಾನ್ಸ್‌ವಾಲ್‌ನ ಪೂರ್ವ ಭಾಗ ಸುತ್ತಿ ಬರೋದು ಅದರ ಉದ್ದೇಶ. ದಾರಿಯಲ್ಲಿ ಸೇಬಿ ಸೇತುವೆ ಅನ್ನೋ ಜಾಗದಲ್ಲಿ ಒಂದು ರಾತ್ರಿ ರೈಲು ನಿಲ್ಲಿಸ್ತಿದ್ರು. ರೇಂಜರ್ ಜೊತೆ ಸ್ವಲ್ಪ ದೂರ ಕಾಡಲ್ಲಿ ನಡೆದು ಬರೋದು, ಬೆಂಕಿ ಸುತ್ತ ಕೂತು ಕಥೆ ಕೇಳೋದು. ರೈಲ್ವೆಯವರ ಲೆಕ್ಕದಲ್ಲಿ ಇದು ಊಟದ ಕೊನೆಯಲ್ಲಿ ಕೊಡೋ ಬಾಳೆಹಣ್ಣಿನ ಥರ. ಆದ್ರೆ ಟೂರ್ ಮುಗಿಸಿದ ಜನ ಹೆಚ್ಚು ಮಾತಾಡಿದ್ದು ಆ ರಾತ್ರಿಯ ಬಗ್ಗೆನೇ.

ಸ್ಟೀವನ್‌ಸನ್-ಹ್ಯಾಮಿಲ್ಟನ್‌ಗೆ ಇದು ದೊಡ್ಡ ಆಯುಧ ಆಯ್ತು. ಈ ಜಾಗದ ಮೇಲೆ ಆಗ ಎಲ್ಲರ ಕಣ್ಣಿತ್ತು. ಕುರಿ ಸಾಕೋರಿಗೆ ಚಳಿಗಾಲದ ಹುಲ್ಲುಗಾವಲು ಬೇಕು, ಗಣಿ ಕಂಪನಿಗಳಿಗೆ ಕಲ್ಲಿದ್ದಲು ಬೇಕು, ಭೂಮಿ ಕಂಪನಿಗಳಿಗೆ ಸೈಟು ಬೇಕು. ಕಾಡಿನಿಂದಲೂ ದುಡ್ಡು ಬರುತ್ತೆ ಅಂತ ತೋರಿಸಿದ್ರೆ ಮಾತ್ರ ಕಾಡು ಉಳಿಯುತ್ತೆ. ಆ ದುಡ್ಡು ತರೋದು ಪ್ರವಾಸಿಗ. ಆ ಪ್ರವಾಸಿಗನಿಗೆ ಬೇಕಾಗಿದ್ದು ಸಿಂಹ. ನಿಧಾನಕ್ಕೆ ಸಿಂಹದ ಬೆಲೆ ಬದಲಾಯ್ತು. ಗುಂಡಿಗೆ ಗುರಿಯಾಗಿದ್ದ ಪ್ರಾಣಿ ಜಾಹೀರಾತಿನ ಮುಖ ಆಯ್ತು.

ಮೂರು ಕಾರುಗಳ ವರ್ಷ

1926ರ ಮೇ 31ರಂದು ದಕ್ಷಿಣ ಆಫ್ರಿಕಾದ ಸಂಸತ್ತು ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಪಾಸ್ ಮಾಡಿತು. ಮಸೂದೆಯನ್ನು ಮುನ್ನಡೆಸಿದವರು ಭೂ ಸಚಿವ ಪೀಟ್ ಗ್ರೋಬ್ಲರ್, ಪಾಲ್ ಕ್ರೂಗರ್‌ನ ಸಂಬಂಧಿ. ಉದ್ಯಾನಕ್ಕೆ ಕ್ರೂಗರ್ ಹೆಸರಿಟ್ಟಿದ್ದು ಬರೀ ಗೌರವಕ್ಕಲ್ಲ, ಅದು ರಾಜಕೀಯದ ಲೆಕ್ಕ. ಬೋಯರ್ ಮತದಾರರಿಗೆ ಇದು ‘ನಮ್ಮ ಕಾಡು’ ಅನ್ನಿಸಬೇಕಿತ್ತು. ತಮಾಷೆ ಏನಂದ್ರೆ, ಕ್ರೂಗರ್‌ಗೆ ಕಾಡುಪ್ರಾಣಿ ಅಂದ್ರೆ ಬಿಲ್ಟಾಂಗ್, ಅಂದ್ರೆ ಒಣಮಾಂಸ, ಅಷ್ಟೇ ಆಗಿತ್ತು ಅಂತ ಸ್ಟೀವನ್‌ಸನ್-ಹ್ಯಾಮಿಲ್ಟನ್ ಖಾಸಗಿಯಾಗಿ ಗೇಲಿ ಮಾಡಿದ್ದ. ಈ ಇಡೀ ರಾಜಕೀಯವನ್ನು ಇತಿಹಾಸಕಾರ್ತಿ ಜೇನ್ ಕ್ಯಾರದರ್ಸ್ ತಮ್ಮ 1995ರ ಪುಸ್ತಕದಲ್ಲಿ ಎಳೆಎಳೆಯಾಗಿ ಬಿಡಿಸಿಟ್ಟಿದ್ದಾರೆ.

1927ರಲ್ಲಿ ಗೇಟ್ ತೆರೆಯಿತು. ಪ್ರವೇಶ ಶುಲ್ಕ 1 ಪೌಂಡ್. ಆ ವರ್ಷ ಒಳಗೆ ಹೋದ ಕಾರುಗಳು ಎಷ್ಟು ಗೊತ್ತಾ? ಮೂರು. 1928ರಲ್ಲಿ 180. 1929ರಲ್ಲಿ 850. ಇವತ್ತಿನ ಸ್ಟಾರ್ಟ್‌ಅಪ್‌ನವರು ಇಂಥ ಗ್ರಾಫ್ ಸಿಕ್ಕಿದ್ರೆ ಫ್ರೇಮ್ ಹಾಕಿ ಗೋಡೆಗೆ ನೇತು ಹಾಕ್ತಿದ್ರು.

ಮೊದಮೊದಲು ಮಲಗೋಕೂ ಸರಿಯಾದ ಜಾಗ ಇರ್ಲಿಲ್ಲ. ಬಂದವರು ಕಾರ್ ಪಕ್ಕದಲ್ಲೇ ಬೀಡು ಬಿಡ್ತಿದ್ರು. ಆಮೇಲೆ ಹುಲ್ಲು ಹೊದಿಸಿದ ದುಂಡು ಗುಡಿಸಲುಗಳು ಬಂದವು. ಅಲ್ಲಿ ಅದಕ್ಕೆ ರೊಂಡಾವೆಲ್ ಅಂತಾರೆ. ಆ ಹಳೇ ಗುಡಿಸಲುಗಳಿಗೆ ಕಿಟಕಿ ಇಲ್ಲ. ಗೋಡೆ ಮತ್ತು ಮಾಡಿನ ಸಂದಿಯಲ್ಲಿ ಗಾಳಿ ಬರಬೇಕು. ಅಡುಗೆ ಹೊರಗೆ, ಸೌದೆ ಒಲೆಯಲ್ಲಿ. ಹಾಸಿಗೆ, ಪಾತ್ರೆ, ಅಕ್ಕಿ ಬೇಳೆ ಎಲ್ಲಾ ಹೊತ್ಕೊಂಡು ಬರೋದು. ಮಕ್ಕಳು ಮರಿ ಸಮೇತ ರಜೆಗೆ ಬಂದು ನಾಲ್ಕು ದಿನ ಇದ್ದು ಹೋಗೋ ಮಧ್ಯಮ ವರ್ಗದ ಕುಟುಂಬಗಳಿಗೆ ಇದು ಹೇಳಿ ಮಾಡಿಸಿದ ಹಾಗಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಆಗಿನ ಪೂರ್ವ ಆಫ್ರಿಕಾದಲ್ಲಿ ಸಫಾರಿ ಅಂದ್ರೆ ಹತ್ತಾರು ಹಮಾಲಿಗಳ ತಲೆ ಮೇಲೆ ಸಾಮಾನು ಹೊರಿಸಿ, ತಿಂಗಳುಗಟ್ಟಲೆ ಬೇಟೆ ಆಡೋ ಶ್ರೀಮಂತರ ಶೋಕಿ. ಕ್ರೂಗರ್ ಬೇರೆ ದಾರಿ ಹಿಡಿಯಿತು. ಸರ್ಕಾರನೇ ರಸ್ತೆ ಮಾಡಿತು, ಕ್ಯಾಂಪ್ ಕಟ್ಟಿತು. ಗೈಡ್ ಬೇಡ, ನಿನ್ನ ಕಾರು, ನಿನ್ನ ಅಡುಗೆ. ಇವತ್ತು ನಾವು ಸೆಲ್ಫ್ ಡ್ರೈವ್ ಸಫಾರಿ ಅಂತ ಯೂಟ್ಯೂಬ್‌ನಲ್ಲಿ ನೋಡ್ತೀವಲ್ಲ, ಅದರ ಪೂರ್ತಿ ಬ್ಲೂಪ್ರಿಂಟ್ ತಯಾರಾಗಿದ್ದು ಆ ಐದಾರು ವರ್ಷಗಳಲ್ಲಿ.

ಈಗ ಆ 1 ಪೌಂಡ್‌ಗೆ ಬರೋಣ. 1 ಪೌಂಡ್ ಅಂದ್ರೆ 20 ಶಿಲಿಂಗ್. ಆ ಕಾಲದಲ್ಲಿ ಜೊಹಾನ್ಸ್‌ಬರ್ಗ್‌ನ ಚಿನ್ನದ ಗಣಿಯಲ್ಲಿ ಕಪ್ಪು ಕಾರ್ಮಿಕನಿಗೆ ಒಂದು ಪಾಳಿಗೆ ಸಿಗ್ತಿದ್ದ ಕೂಲಿ ಸುಮಾರು 2 ಶಿಲಿಂಗ್. ಅಂದ್ರೆ ಬಿಳಿಯರ ಅಗ್ಗದ ಟಿಕೆಟ್ ಅವನ ಹತ್ತು ದಿನದ ದುಡಿಮೆ. ಕಾರಿನ ಮಾತಂತೂ ಬಿಡಿ. ಹಾಗಾಗಿ ‘ಅಗ್ಗ’ ಅನ್ನೋ ಪದ ಕೇಳಿದಾಗೆಲ್ಲ, ಯಾರ ಜೇಬಿಗೆ ಅಗ್ಗ ಅಂತ ಇನ್ನೊಂದು ಪ್ರಶ್ನೆ ಸೇರಿಸ್ಕೋಬೇಕು.

ಗುಡಿಸಿ ಹಾಕಿದವನ ಹೆಸರು

ಕ್ರೂಗರ್‌ಗೆ ಹೋದವರೆಲ್ಲ ಸ್ಕುಕುಜಾ ಅನ್ನೋ ಹೆಸರು ಕೇಳೇ ಕೇಳ್ತಾರೆ. ಉದ್ಯಾನದ ಅತಿ ದೊಡ್ಡ ಕ್ಯಾಂಪ್ ಅದು. ಏರ್‌ಪೋರ್ಟ್ ಇದೆ, ಸೂಪರ್ ಮಾರ್ಕೆಟ್ ಇದೆ, ಪೆಟ್ರೋಲ್ ಬಂಕ್ ಇದೆ. ಮೊದಲು ಹೇಳಿದ ಸೇಬಿ ಸೇತುವೆ ಇದೇ ಜಾಗ. 1936ರಲ್ಲಿ ಹೆಸರು ಬದಲಾಯಿಸಿ ಸ್ಕುಕುಜಾ ಅಂತ ಇಟ್ಟರು. ಅದು ಸ್ಟೀವನ್‌ಸನ್-ಹ್ಯಾಮಿಲ್ಟನ್‌ಗೆ ಅಲ್ಲಿನ ಸ್ಥಳೀಯರು ಕೊಟ್ಟಿದ್ದ ಅಡ್ಡಹೆಸರು. ಅರ್ಥ ಏನು ಅಂದ್ರೆ, ಗುಡಿಸಿ ಹಾಕುವವನು. ಎಲ್ಲವನ್ನೂ ತಲೆಕೆಳಗು ಮಾಡುವವನು ಅಂತಲೂ ಹೇಳ್ತಾರೆ.

ಏನನ್ನು ಗುಡಿಸಿ ಹಾಕಿದ? ಕಳ್ಳಬೇಟೆಗಾರರನ್ನು ಅಂತ ಒಂದು ವಿವರಣೆ ಇದೆ. ಆದ್ರೆ ಅವನು ಬಂದ ಮೊದಲ ವರ್ಷಗಳಲ್ಲೇ ಸೇಬಿ ಪ್ರದೇಶದಿಂದ ಸಾವಿರಾರು ಜನರನ್ನು ಒಕ್ಕಲೆಬ್ಬಿಸಿದ್ದ. ಕಾಡು ಅಂತ ನಕ್ಷೆಯಲ್ಲಿ ಬರೆದಿದ್ದ ಜಾಗದಲ್ಲಿ ಹಳ್ಳಿಗಳಿದ್ದವು, ದನಕರು ಇದ್ದವು, ಹೊಲ ಇತ್ತು, ಹಿರಿಯರ ಸಮಾಧಿಗಳಿದ್ದವು. ಆಮೇಲೆ ಅಧಿಕಾರಿಗಳಿಗೆ ಒಂದು ಸಮಸ್ಯೆ ಎದುರಾಯ್ತು. ಎಲ್ಲರನ್ನೂ ಓಡಿಸಿದ್ರೆ ಕೆಲಸಕ್ಕೆ ಜನ ಎಲ್ಲಿ? ಹಾಗಾಗಿ ಕೆಲವರನ್ನು ಉಳಿಸ್ಕೊಂಡರು. ಷರತ್ತು ಏನಂದ್ರೆ, ತಾವು ಹುಟ್ಟಿದ ನೆಲದಲ್ಲೇ ಇರೋಕೆ ಅವರು ಬಾಡಿಗೆ ಕಟ್ಟಬೇಕು, ಇಲ್ಲಾ ಬಿಟ್ಟಿ ದುಡಿಯಬೇಕು.

ರಸ್ತೆಗಳ ಕಥೆ ಇನ್ನೂ ಕಷ್ಟದ್ದು. ಉದ್ಯಾನದ ಪೂರ್ವಕ್ಕೆ ಮೊಜಾಂಬಿಕ್. ಅಲ್ಲಿಂದ ಗಣಿ ಕೆಲಸ ಹುಡುಕಿಕೊಂಡು ಜನ ಈ ಕಾಡಿನ ಮೂಲಕ ನಡೆದು ಬರ್ತಿದ್ರು. ಅನುಮತಿ ಇಲ್ಲದೆ ಗಡಿ ದಾಟಿದ್ದಕ್ಕೆ ಅವರನ್ನು ಹಿಡಿದು, ಶಿಕ್ಷೆ ಅಂತ ಉದ್ಯಾನದ ಕೆಲಸಕ್ಕೆ ಹಾಕ್ತಿದ್ರು. ಪ್ರವಾಸಿಗರ ಕಾರುಗಳು ಓಡಾಡಿದ ಎಷ್ಟೋ ದಾರಿಗಳಲ್ಲಿ ಈ ಕೈದಿಗಳ ಬೆವರಿದೆ.

ಹೊರಗೆ ದೇಶದಲ್ಲಿ ಏನಾಗ್ತಿತ್ತು ಅಂತಾನೂ ಹೇಳ್ಬೇಕು. 1913ರ ಭೂ ಕಾಯ್ದೆ ಬಹುಸಂಖ್ಯಾತ ಕಪ್ಪು ಜನರಿಗೆ ದೇಶದ ಭೂಮಿಯಲ್ಲಿ ಬಿಟ್ಟುಕೊಟ್ಟಿದ್ದು ಸುಮಾರು ಶೇ 7 ಮಾತ್ರ. 1936ರಲ್ಲಿ ಅದನ್ನು ಶೇ 13ರ ಆಸುಪಾಸಿಗೆ ಏರಿಸಿದರು. ಊರಿಂದ ಊರಿಗೆ ಹೋಗೋಕೂ ಪಾಸ್ ತೋರಿಸ್ಬೇಕು. ಕೆಲಸಕ್ಕೆ ಹೋಗೋಕೇ ಅನುಮತಿ ಪತ್ರ ಬೇಕಾದವನಿಗೆ ‘ಸುಮ್ನೆ ಒಂದು ಟ್ರಿಪ್ ಹೋಗಿ ಬರೋಣ’ ಅನ್ನೋದು ಎಷ್ಟು ದೂರದ ಮಾತು ಯೋಚನೆ ಮಾಡಿ.

ಬಾಲೂಲೆ: ಆರು ಗುಡಿಸಲು

ಈಗ ಈ ಎಪಿಸೋಡ್‌ನ ಮುಖ್ಯ ಜಾಗಕ್ಕೆ ಬಂದಿದ್ದೀವಿ. ಒಲಿಫಾಂಟ್ಸ್ ನದಿ ಹತ್ತಿರ ಬಾಲೂಲೆ ಅಂತ ಒಂದು ಪುಟ್ಟ ಕ್ಯಾಂಪ್ ಇದೆ. ಆರು ಗುಡಿಸಲು, ಪಕ್ಕದಲ್ಲಿ ಟೆಂಟ್ ಹಾಕೋಕೆ ಸ್ವಲ್ಪ ಜಾಗ. ಕರೆಂಟ್ ಇಲ್ಲ. ಅಂಗಡಿ ಇಲ್ಲ. ಗುಡಿಸಲಿಗೆ ಕಿಟಕಿ ಇಲ್ಲ. ಸಂಜೆ ಲ್ಯಾಂಟರ್ನ್ ಬೆಳಕು. ಸ್ನಾನದ ಮನೆ, ಅಡುಗೆ ಜಾಗ ಎಲ್ಲರಿಗೂ ಸೇರಿ. ಕಡಿಮೆ ದುಡ್ಡಲ್ಲಿ ಕ್ರೂಗರ್ ನೋಡ್ಬೇಕು ಅನ್ನೋರಿಗೆ ಈ ಕ್ಯಾಂಪ್ ಅಂದ್ರೆ ಪ್ರಾಣ. ರಾತ್ರಿ ಬೇಲಿಯಾಚೆ ಕಿರುಬ ಓಡಾಡೋ ಸದ್ದು ಕೇಳುತ್ತೆ, ಆಕಾಶದ ತುಂಬಾ ನಕ್ಷತ್ರ. ‘ಹಳೇ ಕ್ರೂಗರ್ ಅಂದ್ರೆ ಇದು’ ಅಂತ ಜನ ಖುಷಿಪಡ್ತಾರೆ.

ಹಳೇ ಕ್ರೂಗರ್, ಖಂಡಿತ. ಯಾಕಂದ್ರೆ ದಶಕಗಳ ಕಾಲ ಕಪ್ಪು, ಭಾರತೀಯ ಮತ್ತು ಮಿಶ್ರ ವರ್ಣದ ಪ್ರವಾಸಿಗರು ರಾತ್ರಿ ಉಳಿಯೋಕೆ ಅಂತ ಬಿಟ್ಟಿದ್ದ ಕ್ಯಾಂಪ್ ಇದೇ. ಬೇರೆ ಕ್ಯಾಂಪ್‌ಗಳಿಗೆ ವರ್ಷ ಕಳೆದ ಹಾಗೆ ಕರೆಂಟ್ ಬಂತು, ರೆಸ್ಟೋರೆಂಟ್ ಬಂತು, ಈಜುಕೊಳ ಬಂತು. ಅವೆಲ್ಲ ಬಿಳಿಯರಿಗೆ. ಬಾಲೂಲೆ ಮಾತ್ರ ಹಾಗೇ ಉಳೀತು. ಇವತ್ತು ನಾವು ‘ವಾವ್, ಎಷ್ಟು ರಸ್ಟಿಕ್’ ಅಂತ ರೀಲ್ಸ್ ಮಾಡೋ ಆ ಸರಳತೆ ಯಾರೋ ರುಚಿ ನೋಡಿ ಆರಿಸಿದ್ದಲ್ಲ, ಖರ್ಚು ಮಾಡಬೇಕು ಅಂತ ಯಾರಿಗೂ ಅನ್ನಿಸದೇ ಹೋಗಿದ್ದರ ಗುರುತು.

ಹಾಗಂತ ಕಪ್ಪು ಜನ ಈ ಕಾಡಿಗೆ ಬರೀ ಕೂಲಿಗಳಾಗಿ ಅಥವಾ ಕಳ್ಳಬೇಟೆಗಾರರಾಗಿ ಬಂದರು ಅಂತ ಅಂದ್ಕೊಂಡ್ರೆ ಅದೂ ತಪ್ಪು. ಜೇಕಬ್ ಡ್ಲಾಮಿನಿ ಅನ್ನೋ ದಕ್ಷಿಣ ಆಫ್ರಿಕಾದ ಇತಿಹಾಸಕಾರರು 2020ರಲ್ಲಿ ‘ಸಫಾರಿ ನೇಷನ್’ ಅನ್ನೋ ಪುಸ್ತಕ ತಂದರು. ಅವರ ವಾದ ಏನಂದ್ರೆ, ಇಷ್ಟೆಲ್ಲ ಅಡ್ಡಿಗಳ ನಡುವೆಯೂ ಕಪ್ಪು ಮತ್ತು ಭಾರತೀಯ ಮೂಲದ ಕುಟುಂಬಗಳು ಕ್ರೂಗರ್‌ಗೆ ರಜೆಗೆ ಹೋಗ್ತಿದ್ರು, ಫೋಟೋ ತೆಗೀತಿದ್ರು, ಖುಷಿಪಡ್ತಿದ್ರು. ಅವರ ಇತಿಹಾಸ ಬರೀ ನೋವಿನ ಪಟ್ಟಿ ಅಲ್ಲ. ಪ್ರಾಣಿ ನೋಡೋ ಆಸೆ, ಊರು ಸುತ್ತೋ ಆಸೆ ಎಲ್ಲ ಮನುಷ್ಯರಿಗೂ ಇದೆ. ಅದನ್ನು ಬಿಳಿಯರ ಹವ್ಯಾಸ ಅಂತ ನಾವೇ ಬಿಟ್ಟುಕೊಡಬಾರದು. ನನಗೆ ಈ ಪುಸ್ತಕದಲ್ಲಿ ತುಂಬಾ ಹಿಡಿಸಿದ ಮಾತು ಇದು.

ಭಾರತೀಯರ ವಿಷಯ ಬಂತು, ಸ್ವಲ್ಪ ಹೇಳ್ತೀನಿ. 1860ರ ನವೆಂಬರ್‌ನಲ್ಲಿ ‘ಟ್ರೂರೋ’ ಅನ್ನೋ ಹಡಗು ಮದ್ರಾಸಿನಿಂದ ಡರ್ಬನ್ ತಲುಪಿತು. ಕಬ್ಬಿನ ತೋಟಕ್ಕೆ ಕರಾರು ಕೂಲಿಗಳಾಗಿ ದಕ್ಷಿಣ ಭಾರತದ ಜನ ಅದರಲ್ಲಿದ್ದರು. ಅವರ ಮಕ್ಕಳು ಮೊಮ್ಮಕ್ಕಳು ಅಲ್ಲೇ ನೆಲೆಯೂರಿದರು. ಆದ್ರೆ ಅವರು ದೇಶ ಸುತ್ತೋದು ಸುಲಭ ಇರ್ಲಿಲ್ಲ. ಆರೆಂಜ್ ಫ್ರೀ ಸ್ಟೇಟ್ ಪ್ರಾಂತ್ಯದಲ್ಲಿ ಭಾರತೀಯರು ನೆಲೆಸಬಾರದು ಅಂತ 1891ರಲ್ಲಿ ಕಾನೂನು ಬಂತು. ಅದು ಹೋಗಿದ್ದು 1980ರ ದಶಕದ ಮಧ್ಯದಲ್ಲಿ. ಜೊಹಾನ್ಸ್‌ಬರ್ಗ್‌ನಿಂದ ಕೇಪ್‌ಟೌನ್‌ಗೆ ಹೋಗೋ ಹೆದ್ದಾರಿ ಇದೇ ಪ್ರಾಂತ್ಯದ ನಡುವೆ ಹಾದುಹೋಗುತ್ತೆ. ಇವತ್ತು ಬಜೆಟ್ ಟ್ರಾವೆಲರ್‌ಗಳು ‘ರೋಡ್ ಟ್ರಿಪ್‌ಗೆ ಬೆಸ್ಟ್’ ಅನ್ನೋ ದಾರಿಯಲ್ಲಿ ನಮ್ಮ ಬಣ್ಣದವರು ರಾತ್ರಿ ತಂಗೋಕೆ ಹೆದರಬೇಕಿತ್ತು. 1893ರಲ್ಲಿ ಪೀಟರ್‌ಮಾರಿಟ್ಜ್‌ಬರ್ಗ್ ಸ್ಟೇಷನ್‌ನಲ್ಲಿ ಗಾಂಧೀಜಿಯನ್ನು ರೈಲಿಂದ ಹೊರಗೆ ತಳ್ಳಿದ್ದು ನಮಗೆಲ್ಲ ಶಾಲೆಯಲ್ಲಿ ಓದಿ ಗೊತ್ತು. ಆ ದೇಶದಲ್ಲಿ ಪ್ರಯಾಣ ಅನ್ನೋದೇ ಒಂದು ರಾಜಕೀಯ ಆಗಿತ್ತು.

ನಮ್ಮ ಪಾಸ್‌ಪೋರ್ಟ್ ಮೇಲಿದ್ದ ಸಾಲು

ಹಾಗಾದ್ರೆ ನಮ್ಮ ದೇಶದಲ್ಲೇ ಇದ್ದವರಿಗೆ? ನಮ್ಮ ಅಪ್ಪ ಅಮ್ಮನ ತಲೆಮಾರಿನವರಿಗೆ ಅಲ್ಲಿಗೆ ಹೋಗೋ ಪ್ರಶ್ನೆನೇ ಇರ್ಲಿಲ್ಲ. ಅಲ್ಲಿನ ಭಾರತೀಯರ ಮೇಲಿನ ತಾರತಮ್ಯ ವಿರೋಧಿಸಿ ಭಾರತ 1946ರಲ್ಲೇ ದಕ್ಷಿಣ ಆಫ್ರಿಕಾ ಜೊತೆ ವ್ಯಾಪಾರ ನಿಲ್ಲಿಸಿತು. ಹಾಗೆ ಮಾಡಿದ ಮೊದಲ ದೇಶ ನಮ್ಮದು, ಅದೂ ಸ್ವಾತಂತ್ರ್ಯ ಬರೋಕೆ ಮುಂಚೆ. ಆಮೇಲೆ ದಶಕಗಳ ಕಾಲ ಭಾರತದ ಪಾಸ್‌ಪೋರ್ಟ್‌ನಲ್ಲಿ, ಇದು ದಕ್ಷಿಣ ಆಫ್ರಿಕಾ ಪ್ರಯಾಣಕ್ಕೆ ಮಾನ್ಯ ಅಲ್ಲ ಅಂತ ನಮೂದಿಸಿರ್ತಿತ್ತು. 1991ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಕ್ರಿಕೆಟ್ ತಂಡ ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ಗೆ ಬಂದಾಗ ಬಾಗಿಲು ಸ್ವಲ್ಪ ತೆರೆಯಿತು. 1993ರಲ್ಲಿ ರಾಜತಾಂತ್ರಿಕ ಸಂಬಂಧ ಮತ್ತೆ ಶುರುವಾಯ್ತು. 1994ರಲ್ಲಿ ಮಂಡೇಲಾ ಅಧ್ಯಕ್ಷರಾದರು.

ಅಂದ್ರೆ ನಾವು ಬಾಡಿಗೆ ಕಾರ್ ತಗೊಂಡು ಕ್ರೂಗರ್ ಗೇಟ್ ದಾಟೋ ಸ್ವಾತಂತ್ರ್ಯಕ್ಕೆ ವಯಸ್ಸು ಬರೀ ಮೂವತ್ತು ಚಿಲ್ಲರೆ ವರ್ಷ. ಫ್ಲೈಟ್ ಟಿಕೆಟ್ ಆಫರ್‌ನಲ್ಲಿ ಸಿಕ್ಕಿತು ಅಂತ ಖುಷಿಪಡೋ ಮೊದಲು, ಆ ಗೇಟ್ ತೆರೆಸೋಕೆ ಎಷ್ಟು ಜನ ಜೈಲಿಗೆ ಹೋದರು ಅನ್ನೋದನ್ನೂ ಒಮ್ಮೆ ನೆನಪಿಸ್ಕೊಳ್ಳೋಣ.

ಮಕುಲೆಕೆ ಜನ ಮಾಡಿದ ತೀರ್ಮಾನ

ಕ್ರೂಗರ್‌ನ ಉತ್ತರ ತುದಿಗೆ ಪಫೂರಿ ಅಂತಾರೆ. ಲಿಂಪೊಪೊ ಮತ್ತು ಲುವುವು ನದಿಗಳು ಸೇರೋ ಜಾಗ. ಎದುರಿಗೆ ಜಿಂಬಾಬ್ವೆ, ಪಕ್ಕದಲ್ಲಿ ಮೊಜಾಂಬಿಕ್. ಹಳದಿ ಕಾಂಡದ ಫೀವರ್ ಟ್ರೀಗಳು, ಭಾರಿ ಬಾವೊಬಾಬ್ ಮರಗಳು. ಹಕ್ಕಿ ನೋಡೋರಿಗೆ ಇದು ಸ್ವರ್ಗ.

ಇಲ್ಲಿದ್ದವರು ಮಕುಲೆಕೆ ಜನ. 1969ರಲ್ಲಿ ವರ್ಣಭೇದ ಸರ್ಕಾರ ಅವರನ್ನು ಎಬ್ಬಿಸಿತು. ಸುಮಾರು 3,000 ಜನ. ಬಂದೂಕಿನ ಬೆದರಿಕೆಯಲ್ಲಿ ಅವರ ಕೈಯಿಂದಲೇ ಅವರ ಗುಡಿಸಲುಗಳಿಗೆ ಬೆಂಕಿ ಹಚ್ಚಿಸಿ, ಲಾರಿಗಳಲ್ಲಿ ತುಂಬಿ ದಕ್ಷಿಣದ ಇನ್ನೊಂದು ಜಾಗಕ್ಕೆ ತಂದು ಇಳಿಸಿದರು. ಅವರ ಸುಮಾರು 24,000 ಹೆಕ್ಟೇರ್ ನೆಲ ಕ್ರೂಗರ್‌ಗೆ ಸೇರಿತು.

ವರ್ಣಭೇದ ಹೋದ ಮೇಲೆ 1994ರಲ್ಲಿ ಭೂಮಿ ವಾಪಸ್ ಕೊಡಿಸೋ ಕಾಯ್ದೆ ಬಂತು. ಮಕುಲೆಕೆ ಜನ ಅರ್ಜಿ ಹಾಕಿದರು. 1998ರಲ್ಲಿ ಒಪ್ಪಂದ ಆಯ್ತು, ಹಕ್ಕುಪತ್ರ ಅವರ ಕೈಗೆ ಬಂತು. ಈಗ ಏನು ಮಾಡ್ತಾರೆ? ಮನೆ ಕಟ್ಟಿ ಉಳುಮೆ ಶುರು ಮಾಡ್ತಾರೆ, ಕಾಡು ಹಾಳಾಗುತ್ತೆ ಅಂತ ಹೆದರಿದವರಿದ್ದರು. ಆ ಜನ ಮಾಡಿದ್ದೇ ಬೇರೆ. ನೆಲ ನಮ್ಮದು, ಕಾಡು ಕಾಡಾಗೇ ಇರ್ಲಿ, ಇಲ್ಲಿ ನಡೆಯೋ ಪ್ರವಾಸೋದ್ಯಮದ ಆದಾಯ ನಮ್ಮ ಹಳ್ಳಿಗಳಿಗೆ ಬರ್ಲಿ ಅಂದರು. ಉದ್ಯಾನದ ಜೊತೆ ಸೇರಿ ಆಡಳಿತ, ಖಾಸಗಿ ಲಾಡ್ಜ್‌ಗಳ ಜೊತೆ ಕರಾರು.

ಇದನ್ನು ಹಣ್ಣಾದ ಕಥೆ ಅಂತ ಮುಗಿಸಿಬಿಡಬಹುದು. ಆದ್ರೆ ಇಲ್ಲೊಂದು ಮುಳ್ಳಿದೆ. ಆ ಲಾಡ್ಜ್‌ಗಳು ಅಗ್ಗದವಲ್ಲ. ಸಮುದಾಯಕ್ಕೆ ಆದಾಯ ಬರ್ಬೇಕು ಅಂದ್ರೆ ದುಬಾರಿ ಅತಿಥಿ ಬರ್ಬೇಕು. ನಮ್ಮಂಥ ಕಡಿಮೆ ಬಜೆಟ್‌ನವರು ಸರ್ಕಾರಿ ಕ್ಯಾಂಪ್‌ನಲ್ಲಿ ಉಳಿದು, ಸೂಪರ್ ಮಾರ್ಕೆಟ್‌ನ ಬ್ರೆಡ್ ತಿಂದು, ಪಫೂರಿ ರಸ್ತೆಯಲ್ಲಿ ಹಕ್ಕಿ ನೋಡಿ ವಾಪಸ್ ಬಂದ್ರೆ ಮಕುಲೆಕೆಯವರ ಕೈಗೆ ಎಷ್ಟು ಸೇರುತ್ತೆ?

ಹಾಗಾದ್ರೆ ದುಬಾರಿ ಮಾಡಿದ್ರೆ ಸರಿಹೋಗುತ್ತಾ?

ಪಕ್ಕದ ಬೋಟ್ಸ್‌ವಾನ ಇದನ್ನೇ ಮಾಡಿತು. 1990ರ ಪ್ರವಾಸೋದ್ಯಮ ನೀತಿಯಲ್ಲಿ, ಜನ ಕಡಿಮೆ ಬರ್ಲಿ, ಬಂದವರು ಹೆಚ್ಚು ಖರ್ಚು ಮಾಡ್ಲಿ ಅನ್ನೋ ದಾರಿ ಹಿಡಿಯಿತು. ಅದಕ್ಕೇ ಒಕವಾಂಗೊ ಡೆಲ್ಟಾದ ಲಾಡ್ಜ್ ರೇಟ್ ನೋಡಿದ್ರೆ ನಮ್ಮ ಕಣ್ಣು ಕತ್ತಲೆ ಬರುತ್ತೆ. ಆ ದೇಶದಲ್ಲಿ ಒಳ್ಳೇ ಉದಾಹರಣೆನೂ ಇದೆ. ಮೊರೆಮಿ ಅಭಯಾರಣ್ಯ 1963ರಲ್ಲಿ ಆಗಿದ್ದು ಅಲ್ಲಿನ ಬಟವಾನಾ ಜನರ ಸ್ವಂತ ತೀರ್ಮಾನದಿಂದ. ಆದ್ರೆ ಅದೇ ದೇಶ ಸೆಂಟ್ರಲ್ ಕಲಹಾರಿಯಿಂದ ಸಾನ್ ಜನರನ್ನು 1997ರಲ್ಲಿ, ಮತ್ತೆ 2002ರಲ್ಲಿ ಹೊರಗೆ ಹಾಕಿತು. ಅವರು ಕೋರ್ಟಿಗೆ ಹೋಗಿ 2006ರ ಡಿಸೆಂಬರ್‌ನಲ್ಲಿ ಗೆದ್ದರು. ಟಿಕೆಟ್ ದುಬಾರಿ ಮಾಡಿದ ಮಾತ್ರಕ್ಕೆ ನ್ಯಾಯ ತಾನಾಗೇ ಬರಲ್ಲ.

ನಮೀಬಿಯಾದ ಎಟೋಶಾ ಕಡಿಮೆ ಬಜೆಟ್‌ನವರಿಗೆ ಕ್ರೂಗರ್‌ನಷ್ಟೇ ಪ್ರಿಯ. ಒಕಾಕುಯೊ ಕ್ಯಾಂಪ್‌ನಲ್ಲಿ ರಾತ್ರಿ ದೀಪ ಹಾಕಿದ ನೀರುಗುಂಡಿ ಇದೆ. ಬೆಂಚಿನ ಮೇಲೆ ಕೂತ್ಕೊಂಡು ಕಾದ್ರೆ ಖಡ್ಗಮೃಗ ನೀರು ಕುಡಿಯೋಕೆ ಬರುತ್ತೆ. ಅದೂ ಖಾಲಿ ನೆಲ ಆಗಿರ್ಲಿಲ್ಲ. ಅಲ್ಲಿ ಬದುಕಿದ್ದ ಹೈಯೊಮ್ ಜನರನ್ನು 1954ರಲ್ಲಿ ಹೊರಗೆ ಕಳಿಸಿದರು. ಸ್ವಾತಂತ್ರ್ಯ ಬಂದ ಮೇಲೆ ನಮೀಬಿಯಾ 1996ರಲ್ಲಿ ಒಂದು ಕಾನೂನು ಮಾಡಿತು. ಹಳ್ಳಿಯವರೇ ಸಂಘ ಕಟ್ಟಿಕೊಂಡು ತಮ್ಮ ನೆಲದ ವನ್ಯಜೀವಿ ಮತ್ತು ಪ್ರವಾಸದ ಆದಾಯವನ್ನು ನೋಡಿಕೊಳ್ಳಬಹುದು. ಇವತ್ತು ಅಂಥ 80ಕ್ಕೂ ಹೆಚ್ಚು ಸಂಘಗಳಿವೆ. ಕೆಲವು ಕಡೆ ಹಳ್ಳಿಯವರೇ ನಡೆಸೋ ಸರಳ ಕ್ಯಾಂಪ್‌ಸೈಟ್‌ಗಳಿವೆ. ಅಗ್ಗವೂ ಹೌದು, ದುಡ್ಡು ಅಲ್ಲೇ ಉಳಿಯೋದೂ ಹೌದು. ಈ ಲೆಕ್ಕ ನನಗೆ ಹೆಚ್ಚು ಒಪ್ಪಿಗೆ ಆಗುತ್ತೆ.

ಇದು ಆಫ್ರಿಕಾದ ಕಥೆ ಮಾತ್ರ ಅಂದ್ಕೋಬೇಡಿ. ನಾಗರಹೊಳೆಯಿಂದ ಜೇನು ಕುರುಬ, ಬೆಟ್ಟ ಕುರುಬ, ಯರವ ಕುಟುಂಬಗಳು ಹೊರಬಿದ್ದ ಕಥೆ ನಮ್ಮದೇ. ಅದೇ ಕಾಡಿನೊಳಗೆ ದೊಡ್ಡ ಹೋಟೆಲ್ ಒಂದು ಬರೋಕೆ ಹೊರಟಾಗ ಆದಿವಾಸಿಗಳು ಹೋರಾಡಿದರು, 1997ರಲ್ಲಿ ಹೈಕೋರ್ಟ್ ಅದನ್ನು ತಡೆಯಿತು. ಕಬಿನಿಯಲ್ಲಿ ಕರಿಚಿರತೆ ನೋಡೋಕೆ ಕ್ಯೂ ನಿಲ್ಲೋ ನಾವು ಕೇಳಬೇಕಾದ ಪ್ರಶ್ನೆನೂ ಬೇರೇನಲ್ಲ.

ಹೋಗೋರಿಗೆ ನಾಲ್ಕು ಮಾತು

ಹಾಗಂತ ಹೋಗ್ಬೇಡಿ ಅಂತ ಹೇಳ್ತಿಲ್ಲ. ಹೋಗಿ, ಖಂಡಿತ ಹೋಗಿ. ವಿದೇಶಿಯರಿಗೆ ದಿನದ ಪ್ರವೇಶ ಶುಲ್ಕ ಸ್ಥಳೀಯರಿಗಿಂತ ಹಲವು ಪಟ್ಟು ಇರುತ್ತೆ. ಅದಕ್ಕೆ ಬೇಜಾರು ಮಾಡ್ಕೋಬೇಡಿ. ಇಷ್ಟು ವರ್ಷ ಗೇಟ್ ಹೊರಗೆ ನಿಂತಿದ್ದ ಜನರ ಮಕ್ಕಳು ಇವತ್ತು ಕಡಿಮೆ ದುಡ್ಡಲ್ಲಿ ಒಳಗೆ ಬರ್ಲಿ ಅನ್ನೋದು ನ್ಯಾಯವಾದ ದರಪಟ್ಟಿ. ಅಲ್ಲಿ ಮಲೇರಿಯಾ ಇದೆ, ಹೊರಡೋ ಮೊದಲು ಡಾಕ್ಟರ್ ಹತ್ರ ಮಾತಾಡಿ. ಮಳೆ ಇಲ್ಲದ ಜೂನ್‌ನಿಂದ ಸೆಪ್ಟೆಂಬರ್ ಪ್ರಾಣಿ ನೋಡೋಕೆ ಒಳ್ಳೇ ಕಾಲ. ಹುಲ್ಲು ಒಣಗಿರುತ್ತೆ, ಪ್ರಾಣಿಗಳು ನೀರಿನ ಹತ್ರ ಬರ್ತವೆ.

ಬರೀ ಸಿಂಹ ಹುಡುಕಬೇಡಿ, ಮನುಷ್ಯರ ಗುರುತುಗಳನ್ನೂ ಹುಡುಕಿ. ಫಲಬೋರ್ವಾ ಗೇಟ್ ಹತ್ರ ಮಸೋರಿನಿ ಅಂತ ಒಂದು ಬೆಟ್ಟ ಇದೆ, ಹಿಂದೆ ಅಲ್ಲಿ ಕಬ್ಬಿಣ ಕರಗಿಸ್ತಿದ್ರು. ಪಫೂರಿ ಕಡೆ ಥುಲಮೇಲಾ ಅನ್ನೋ ಕಲ್ಲಿನ ಗೋಡೆಗಳ ಹಳೇ ಪಟ್ಟಣ ಇದೆ. ಅಲ್ಲಿ ಚಿನ್ನ ಸಿಕ್ಕಿದೆ, ಹಿಂದೂ ಮಹಾಸಾಗರದ ವ್ಯಾಪಾರದಲ್ಲಿ ಬಂದ ಗಾಜಿನ ಮಣಿಗಳೂ ಸಿಕ್ಕಿವೆ. ‘ಯಾರೂ ಮುಟ್ಟದ ಕಾಡು’ ಅಂತ ಬ್ರೋಷರ್‌ನಲ್ಲಿ ಬರೆಯೋ ಜಾಗದಲ್ಲಿ ನೂರಾರು ವರ್ಷಗಳ ಹಿಂದೆನೇ ಊರು ಇತ್ತು, ಅಂಗಡಿ ವ್ಯವಹಾರ ಇತ್ತು.

ಸ್ಕುಕುಜಾಗೆ ಹೋದ್ರೆ ಆ ಹಳೇ ರೈಲು ಸೇತುವೆ ನೋಡಿ. 1923ರಲ್ಲಿ ಟೂರ್ ರೈಲು ತಂಗ್ತಿದ್ದ ಜಾಗದಲ್ಲಿ, ಸೇಬಿ ನದಿಯ ಮೇಲೆ, 2020ರ ಕೊನೆಯಿಂದ ರೈಲು ಬೋಗಿಗಳ ಐಷಾರಾಮಿ ಹೋಟೆಲ್ ನಿಂತಿದೆ. ಕೆಳಗಿಂದ ನೋಡೋಕೆ ದುಡ್ಡು ಕೊಡಬೇಕಾಗಿಲ್ಲ. ಬಾಲೂಲೆಯಲ್ಲಿ ಗುಡಿಸಲು ಸಿಕ್ಕಿದ್ರೆ ಬುಕ್ ಮಾಡಿ. ಕಿಟಕಿ ಇಲ್ಲದ ಆ ಗೋಡೆಯನ್ನು ಒಮ್ಮೆ ಮುಟ್ಟಿ ನೋಡಿ. ಜೊತೆಗೆ ಬಂದವರಿಗೆ ಈ ಕಥೆ ಹೇಳಿ. ಅಲ್ಲಿ ಮಲಗೋಕೆ ಇವತ್ತು ಕೊಡೋದು ಕಡಿಮೆ ದುಡ್ಡು, ಅದರ ಉಳಿದ ಬಾಕಿಯನ್ನು ನಮಗಿಂತ ಮೊದಲು ಬೇರೆಯವರು ಕಟ್ಟಿ ಹೋಗಿದ್ದಾರೆ. ಅಷ್ಟು ಗೊತ್ತಿಟ್ಟುಕೊಂಡು ನೋಡಿದ್ರೂ ಸಿಂಹ ಸಿಂಹದ ಹಾಗೇ ಕಾಣುತ್ತೆ. ಸುತ್ತಲಿನ ನೆಲ ಮಾತ್ರ ಖಾಲಿ ಅನ್ನಿಸಲ್ಲ.

ಇವತ್ತಿಗೆ ಇಷ್ಟು. ಟ್ರಿಪ್ ಪ್ಲಾನ್ ಮಾಡ್ತಿರೋ ಫ್ರೆಂಡ್ ಇದ್ರೆ ಅವರಿಗೆ ಈ ಎಪಿಸೋಡ್ ಕಳಿಸಿ. ಮುಂದಿನ ವಾರ ಸಿಗೋಣ.